ಊಹೆಯನ್ನು ಪೆನ್ನಿನಲ್ಲಿ ಬರೆಸಿ: 6ರಿಂದ 8ನೇ ತರಗತಿಗೆ ವೈಜ್ಞಾನಿಕ ವಿಧಾನ ಕಲಿಸುವ ಸಮಗ್ರ ಮಾರ್ಗದರ್ಶಿ

ವೈಜ್ಞಾನಿಕ ವಿಧಾನದ ಹಂತಗಳನ್ನು ಹೇಳು ಅಂದರೆ ಏಳನೇ ತರಗತಿಯ ಮಕ್ಕಳು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ವೀಕ್ಷಣೆ, ಪ್ರಶ್ನೆ, ಊಹೆ, ಪ್ರಯೋಗ, ವಿಶ್ಲೇಷಣೆ, ತೀರ್ಮಾನ. ಅದೇ ಮಕ್ಕಳ ಕೈಗೆ ಒಂದು ದಾರ, ನಾಲ್ಕು ವಾಷರ್ ಕೊಡಿ. "ಇದು ತೂಗುವ ವೇಗ ಯಾವುದರಿಂದ ಬದಲಾಗುತ್ತೆ, ಕಂಡುಹಿಡಿಯಿರಿ" ಅನ್ನಿ. ದಾರವನ್ನೂ ಬದಲಿಸುತ್ತಾರೆ, ವಾಷರನ್ನೂ ಬದಲಿಸುತ್ತಾರೆ, ಜೋರಾಗಿ ತಳ್ಳಿಯೂ ನೋಡುತ್ತಾರೆ. ಕೊನೆಗೆ "ಟೀಚರ್, ನಮ್ದು ಸರೀನಾ?" ಅಂತ ನಿಮ್ಮ ಮುಖ ನೋಡುತ್ತಾರೆ. ಹಂತಗಳು ಬಾಯಿಗೆ ಬಂದಿವೆ, ಕೈಗೆ ಬಂದಿಲ್ಲ.

ಕೈಗೆ ಬರಿಸುವುದು ಹೇಗೆ ಅನ್ನುವುದೇ ಇಲ್ಲಿನ ವಿಷಯ. ನನ್ನ ಮಟ್ಟಿಗೆ ಇಡೀ ವಿಧಾನದ ತಿರುಳು ಒಂದೇ: ಏನಾಗುತ್ತದೆ ಅಂತ ಮೊದಲೇ ಬರೆದಿಡಬೇಕು, ಆಮೇಲೆ ಆ ಮಾತು ತಪ್ಪಾಗಲು ನಿಜವಾದ ಅವಕಾಶ ಕೊಡಬೇಕು. ಉಳಿದ ಹಂತಗಳೆಲ್ಲ ಇದಕ್ಕೆ ಒತ್ತಾಸೆ. ಹಾಗಾಗಿ ಈ ಪಾಠದಲ್ಲಿ ಮೇಷ್ಟ್ರು ಮಾಡಬೇಕಾದ ದೊಡ್ಡ ಕೆಲಸ ಅಂದರೆ ತಪ್ಪು ಊಹೆಗೆ ಅಂಕ ಕಳೆಯದೇ ಇರುವುದು.

ಶುರು ಮಾಡುವ ಮೊದಲು

ಸಾಮಾನು ಜಾಸ್ತಿ ಬೇಕಿಲ್ಲ. ದಾರ, ಒಂದೇ ಅಳತೆಯ ವಾಷರ್ ಅಥವಾ ನಟ್ಟುಗಳು, ಮೀಟರ್ ಸ್ಕೇಲು, ಸೆಕೆಂಡ್ ತೋರಿಸುವ ಗಡಿಯಾರ ಅಥವಾ ಮೊಬೈಲಿನ ಸ್ಟಾಪ್‌ವಾಚ್, ಐಸ್ ತುಂಡುಗಳು, ಒಂದು ಉಣ್ಣೆ ಬಟ್ಟೆ, ಒಂದು ಥರ್ಮಾಮೀಟರ್, ಗಾಜಿನ ಲೋಟ, ಕಾಗದ, ಬೀಜ. ಗ್ರಾಂ ತೋರಿಸುವ ತಕ್ಕಡಿ ಸಿಕ್ಕರೆ ಒಳ್ಳೆಯದು.

ಪ್ರತಿ ಮಗುವಿಗೂ ಒಂದು ಪ್ರಯೋಗ ಪುಸ್ತಕ ಇರಲಿ. ಅದಕ್ಕೆ ಮೂರೇ ನಿಯಮ. ಪೆನ್ನಿನಲ್ಲೇ ಬರೆಯಬೇಕು. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು, ಹಳೆಯದು ಓದಲು ಸಿಗಬೇಕು. ಹಾಳೆ ಹರಿಯುವಂತಿಲ್ಲ. ಅಂದವಾಗಿ ಕಾಣಲಿ ಅಂತ ಮನೆಗೆ ಹೋಗಿ ಫೇರ್ ಕಾಪಿ ಬರೆಸುವ ಅಭ್ಯಾಸ ಇದ್ದರೆ ಈ ಪುಸ್ತಕದ ಮಟ್ಟಿಗೆ ಬಿಟ್ಟುಬಿಡಿ. ಫೇರ್ ಕಾಪಿಯಲ್ಲಿ ಮೊದಲು ಮಾಯವಾಗುವುದೇ ತಪ್ಪಾದ ಊಹೆ, ಹೊಂದದ ಅಂಕಿ. ನಮಗೆ ಬೇಕಾದದ್ದು ಅವೇ.

ಮೂರು ನಾಲ್ಕು ಮಕ್ಕಳ ಗುಂಪು ಮಾಡಿ. ಒಬ್ಬರು ಸಾಮಾನು ಹಿಡಿಯಲಿ, ಒಬ್ಬರು ಸಮಯ ನೋಡಲಿ, ಒಬ್ಬರು ಬರೆಯಲಿ. ಪ್ರತಿ ಪೀರಿಯಡ್‌ಗೂ ಕೆಲಸ ಬದಲಾಗಬೇಕು. ಇಲ್ಲದಿದ್ದರೆ ದುಂಡಗೆ ಬರೆಯುವ ಮಗು ವರ್ಷವಿಡೀ ಬರೆಯುತ್ತಲೇ ಇರುತ್ತದೆ, ದಾರ ಮುಟ್ಟುವುದೇ ಇಲ್ಲ. ಹೆಚ್ಚಿನ ಹಂತಗಳಿಗೆ ಒಂದು ಪೀರಿಯಡ್ ಸಾಕು. ಲೋಲಕಕ್ಕೆ, ಅಂದರೆ ದಾರದ ತುದಿಗೆ ತೂಕ ಕಟ್ಟಿ ತೂಗಾಡಿಸುವ ಪ್ರಯೋಗಕ್ಕೆ ಮಾತ್ರ ಮೂರಾದರೂ ಎತ್ತಿಡಿ.

ಹಂತ 1: ಕಂಡದ್ದನ್ನು ಅಂದುಕೊಂಡದ್ದರಿಂದ ಬೇರೆ ಮಾಡುವುದು

ಒಣಗಿದ ಗಾಜಿನ ಲೋಟಕ್ಕೆ ನೀರು ಮತ್ತು ಐಸ್ ಹಾಕಿ ಮೇಜಿನ ಮೇಲಿಡಿ. ಗಾಳಿ ತೀರಾ ಒಣಗಿರದ ದಿನ ಕೆಲವೇ ನಿಮಿಷದಲ್ಲಿ ಹೊರಗೆ ಹನಿ ಕಟ್ಟುತ್ತದೆ. ಏನು ಕಾಣುತ್ತಿದೆ ಅಂತ ಬರೆಯಲು ಹೇಳಿ. "ನೀರು ಸೋರ್ತಿದೆ", "ಗಾಳಿಯಲ್ಲಿದ್ದ ಆವಿ ತಣ್ಣಗಾಗಿದೆ", "ಹೊರಗೆ ಹನಿಗಳಿವೆ" ಅಂತ ಬಗೆಬಗೆಯ ಉತ್ತರ ಬರುತ್ತದೆ.

ಬೋರ್ಡಿನ ಮೇಲೆ ಎರಡು ಕಾಲಂ ಎಳೆಯಿರಿ: ಕಂಡದ್ದು, ಅಂದುಕೊಂಡದ್ದು. ಒಂದೊಂದು ಉತ್ತರವನ್ನೂ ಎಲ್ಲಿ ಹಾಕಬೇಕು ಅಂತ ಮಕ್ಕಳೇ ಹೇಳಲಿ. "ಹೊರಗೆ ಹನಿಗಳಿವೆ" ಮೊದಲ ಕಾಲಂಗೆ ಹೋಗುತ್ತದೆ. "ಸೋರ್ತಿದೆ" ಎರಡನೆಯದಕ್ಕೆ. "ಆವಿ ತಣ್ಣಗಾಗಿದೆ" ಕೂಡ ಎರಡನೆಯದಕ್ಕೇ ಹೋಗಬೇಕು. ಇಲ್ಲಿ ಸ್ವಲ್ಪ ಜಗಳ ಆಗುತ್ತದೆ, ಯಾಕೆಂದರೆ ಅದು ಪುಸ್ತಕದಲ್ಲಿರುವ ಸರಿ ಉತ್ತರ. ಸರಿ ಉತ್ತರವೂ ಕಣ್ಣಿಗೆ ಕಂಡದ್ದಲ್ಲ ಅಲ್ವಾ? ಈ ಜಗಳ ಆಗಲಿ ಬಿಡಿ.

ಆಮೇಲೆ ಕೇಳಿ: ಸೋರಿದ್ದೋ, ಗಾಳಿಯಿಂದ ಬಂದದ್ದೋ, ಹೇಗೆ ಗೊತ್ತುಮಾಡುವುದು? ಕೇಳಿ ಸುಮ್ಮನಿರಿ. ಸುಮ್ಮನಿರುವುದು ಕಷ್ಟ, ಆದರೂ ಇರಿ. ಸಾಮಾನ್ಯವಾಗಿ ಯಾರಾದರೂ "ಒಳಗಿನ ನೀರಿಗೆ ಬಣ್ಣ ಹಾಕೋಣ" ಅನ್ನುತ್ತಾರೆ. ಹಾಕಿ ನೋಡಿ. ಹೊರಗಿನ ಹನಿಗೆ ಬಣ್ಣ ಇರುವುದಿಲ್ಲ. ಆಗ ಒಂದು ತುಂಟ ಮಗು "ಬಣ್ಣ ಗಾಜಲ್ಲೇ ಸೋಸಿ ನಿಂತುಬಿಟ್ಟಿರಬಹುದಲ್ಲ?" ಅಂದರೆ ಖುಷಿಪಡಿ. ಆ ಆಕ್ಷೇಪಕ್ಕೆ ಉತ್ತರ ತಕ್ಕಡಿಯಲ್ಲಿದೆ. ಲೋಟಕ್ಕೆ ಮುಚ್ಚಳ ಇಟ್ಟು, ಹನಿ ಕಟ್ಟುವ ಮೊದಲು ಒಮ್ಮೆ, ಚೆನ್ನಾಗಿ ಕಟ್ಟಿದ ಮೇಲೆ ಒಮ್ಮೆ ತೂಗಿ. ಒಳಗಿನ ನೀರೇ ಹೊರಗೆ ಬಂದಿದ್ದರೆ ಒಟ್ಟು ತೂಕ ಹೆಚ್ಚಬಾರದು. ಗಾಳಿಯಿಂದ ಬಂದಿದ್ದರೆ ಹೆಚ್ಚಬೇಕು. ಹೆಚ್ಚುತ್ತದೆ.

ಒಂದೇ ಪೀರಿಯಡ್ಡಿನಲ್ಲಿ ಇಡೀ ವಿಧಾನ ಒಂದು ಸುತ್ತು ಬಂತು. ಅದನ್ನು ಮಕ್ಕಳಿಗೆ ಈಗಲೇ ಹೇಳಬೇಕಾಗಿಲ್ಲ.

ಹಂತ 2: ಪರೀಕ್ಷಿಸಲು ಆಗುವ ಪ್ರಶ್ನೆ

ಮಕ್ಕಳ ಪ್ರಶ್ನೆಗಳು ಹೆಚ್ಚಾಗಿ "ಯಾಕೆ" ಅಂತ ಶುರುವಾಗುತ್ತವೆ. ಚೆಂಡು ಯಾಕೆ ಪುಟಿಯುತ್ತದೆ? ಗಿಡ ಯಾಕೆ ಬೆಳಕಿನ ಕಡೆ ಬಾಗುತ್ತದೆ? ಒಳ್ಳೆಯ ಪ್ರಶ್ನೆಗಳೇ. ಆದರೆ ನೇರವಾಗಿ ಪ್ರಯೋಗ ಮಾಡಲು ಹಿಡಿತ ಸಿಗುವುದಿಲ್ಲ. ಇವನ್ನು "ಇದನ್ನು ಬದಲಿಸಿದರೆ ಅದು ಬದಲಾಗುತ್ತದಾ?" ಅನ್ನುವ ಅಚ್ಚಿಗೆ ತರಬೇಕು. ಚೆಂಡನ್ನು ಹೆಚ್ಚು ಎತ್ತರದಿಂದ ಬಿಟ್ಟರೆ ಪುಟಿಯುವ ಎತ್ತರ ಅಷ್ಟೇ ಪಟ್ಟು ಹೆಚ್ಚುತ್ತದಾ? ಬೆಳಕು ಒಂದೇ ಕಡೆಯಿಂದ ಬಂದರೆ ಮಾತ್ರ ಗಿಡ ಬಾಗುತ್ತದಾ?

ಅಭ್ಯಾಸಕ್ಕೆ ಹತ್ತು ಪ್ರಶ್ನೆ ಕೊಡಿ. ಕೆಲವು ಅಳೆಯಲು ಬರುವಂಥವು, ಕೆಲವು "ಯಾವ ಬಣ್ಣ ಚೆಂದ" ಅನ್ನುವಂಥವು. ಬೇರ್ಪಡಿಸಲಿ. ಮಜಾ ಏನೆಂದರೆ, "ಯಾವ ಬಣ್ಣ ಚೆಂದ" ಅನ್ನುವುದನ್ನು ಪರೀಕ್ಷಿಸಲು ಆಗದು, ಆದರೆ "ನಮ್ಮ ತರಗತಿಯಲ್ಲಿ ಯಾವ ಬಣ್ಣವನ್ನು ಹೆಚ್ಚು ಜನ ಆರಿಸುತ್ತಾರೆ" ಅನ್ನುವುದನ್ನು ಪರೀಕ್ಷಿಸಬಹುದು. ಈ ತಿರುವು ಮಕ್ಕಳಿಗೆ ಬೇಗ ಹಿಡಿಸುತ್ತದೆ.

ಇಲ್ಲಿ ಸಿ.ವಿ. ರಾಮನ್ ಅವರ ಕಥೆ ಹೇಳಬಹುದು. 1921ರಲ್ಲಿ ಅವರು ಹಡಗಿನಲ್ಲಿ ಬರುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ನೋಡಿದರು. ಆಕಾಶದ ನೀಲಿಯೇ ನೀರಿನಲ್ಲಿ ಪ್ರತಿಫಲಿಸುತ್ತದೆ ಅನ್ನುವುದು ಆಗ ಒಪ್ಪಿದ್ದ ಕಾರಣ. ದೊಡ್ಡ ವಿಜ್ಞಾನಿ ರೇಲೀ ಹೇಳಿದ್ದ ಮಾತು. ರಾಮನ್ ಪ್ರಶ್ನೆಯನ್ನು ಪರೀಕ್ಷೆಗೆ ತಂದರು. ನಿಕೋಲ್ ಪ್ರಿಸಂ ಎಂಬ ಸಣ್ಣ ಉಪಕರಣದಿಂದ ನೀರಿನ ಮೇಲ್ಮೈಯ ಪ್ರತಿಫಲನವನ್ನು ಅಡಗಿಸಿ ನೋಡಿದರು. ಪ್ರತಿಫಲನ ಒಂದೇ ಕಾರಣವಾಗಿದ್ದರೆ ನೀಲಿ ಮಾಯವಾಗಬೇಕಿತ್ತು. ಆಗಲಿಲ್ಲ. ಬೆಳಕು ಚದುರುವ ಬಗ್ಗೆ ಅವರು ಮುಂದೆ ಮಾಡಿದ ಕೆಲಸವೇ 1928ರ ರಾಮನ್ ಪರಿಣಾಮಕ್ಕೆ ಕರೆದೊಯ್ದಿತು, 1930ರಲ್ಲಿ ನೊಬೆಲ್ ಬಂತು. ಮಕ್ಕಳಿಗೆ ನೊಬೆಲ್ ಬಗ್ಗೆ ಒಂದು ಸಾಲು ಸಾಕು. "ಅದು ನಿಜವಾಗಿದ್ದರೆ ಹೀಗಾಗಬೇಕಿತ್ತು" ಅನ್ನುವ ವಾಕ್ಯವನ್ನು ಮಾತ್ರ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ.

ಹಂತ 3: ಊಹೆ, ಅದರ ಜೊತೆಗೆ ಕಾರಣ

ಎರಡು ಒಂದೇ ಗಾತ್ರದ ಐಸ್ ತುಂಡು ತೆಗೆದುಕೊಳ್ಳಿ. ಎರಡನ್ನೂ ಒಂದೇ ಥರದ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಒಂದನ್ನು ಉಣ್ಣೆ ಬಟ್ಟೆಯಲ್ಲಿ ಚೆನ್ನಾಗಿ ಸುತ್ತಿ, ಇನ್ನೊಂದನ್ನು ಹಾಗೇ ಬಿಡಿ. ಯಾವುದು ಮೊದಲು ಕರಗುತ್ತದೆ?

ಬಿಚ್ಚಿ ನೋಡುವ ಮೊದಲು ಪ್ರತಿ ಮಗುವೂ ಪೆನ್ನಿನಲ್ಲಿ ಬರೆಯಬೇಕು, "ಏಕೆಂದರೆ" ಅಂತ ಸೇರಿಸಿ. ಸುಮಾರು ಮಕ್ಕಳು ಸುತ್ತಿದ್ದೇ ಬೇಗ ಕರಗುತ್ತದೆ ಅಂತ ಬರೆಯುತ್ತಾರೆ, ಏಕೆಂದರೆ ಉಣ್ಣೆ ಬಿಸಿ ಕೊಡುತ್ತದೆ. ಕೈ ಎತ್ತಿಸಿ ಎಣಿಸಿ, ಬೋರ್ಡಿನ ಮೇಲೆ ಸಂಖ್ಯೆ ಹಾಕಿ. ನಿಮ್ಮ ಮುಖದಲ್ಲಿ ಸುಳಿವು ಕೊಡಬೇಡಿ. ಮಕ್ಕಳು ಪ್ರಯೋಗಕ್ಕಿಂತ ಮೇಷ್ಟ್ರ ಹುಬ್ಬನ್ನು ಚೆನ್ನಾಗಿ ಓದುತ್ತಾರೆ.

ಬಿಚ್ಚಿದಾಗ ಸುತ್ತಿದ ಐಸ್ ದೊಡ್ಡದಾಗೇ ಉಳಿದಿರುತ್ತದೆ. ಈಗಲೇ ಶಾಖದ ಪಾಠ ಶುರು ಮಾಡಬೇಡಿ. ಮೊದಲು ಕೇಳಿ: ತಪ್ಪಾದದ್ದು ಯಾವುದು? "ಸುತ್ತಿದ್ದು ಬೇಗ ಕರಗುತ್ತದೆ" ಅನ್ನುವುದು ಮುನ್ಸೂಚನೆ. "ಉಣ್ಣೆ ಬಿಸಿ ಕೊಡುತ್ತದೆ" ಅನ್ನುವುದು ಅದರ ಹಿಂದಿನ ಊಹೆ. ಮುನ್ಸೂಚನೆ ಬಿದ್ದರೆ ಊಹೆಯ ಮೇಲೆ ಅನುಮಾನ ಬರುತ್ತದೆ. ಆ ಊಹೆಯನ್ನು ಬೇರೆ ರೀತಿಯಲ್ಲೂ ನೋಡಬಹುದಾ? ಒಂದು ಥರ್ಮಾಮೀಟರನ್ನು ಬಟ್ಟೆಯಲ್ಲಿ ಸುತ್ತಿಡಿ. ಅರ್ಧ ಗಂಟೆ ಬಿಟ್ಟು ನೋಡಿದರೂ ಕೋಣೆಯ ತಾಪವನ್ನೇ ತೋರಿಸುತ್ತದೆ. ಉಣ್ಣೆ ತಾನಾಗಿ ಬಿಸಿ ಕೊಡುವುದಿಲ್ಲ, ಶಾಖ ಆಚೀಚೆ ಹೋಗುವುದನ್ನು ನಿಧಾನ ಮಾಡುತ್ತದೆ. ಈ ಮಾತು ಮಕ್ಕಳ ಬಾಯಿಂದಲೇ ಬರುವ ಸಾಧ್ಯತೆ ಈಗ ಜಾಸ್ತಿ.

ಕಾರಣವಿಲ್ಲದ ಊಹೆಯನ್ನು ಒಪ್ಪಬೇಡಿ. ಕಾರಣ ಇಲ್ಲದಿದ್ದರೆ ಅದು ಬರೀ ನಾಣ್ಯ ಚಿಮ್ಮಿದ ಹಾಗೆ, ಸರಿಯಾದರೂ ಏನೂ ಕಲಿಸುವುದಿಲ್ಲ.

ಹಂತ 4: ಲೋಲಕ, ಒಂದು ಸಲಕ್ಕೆ ಒಂದೇ ಬದಲಾವಣೆ

ಇಡೀ ವರ್ಷಕ್ಕೆ ಒಂದೇ ಪ್ರಯೋಗ ಮಾಡಿಸಲು ಸಮಯ ಇದೆ ಅಂದರೆ ಇದನ್ನೇ ಮಾಡಿಸಿ. ಸುಲಭ, ಅಪಾಯ ಇಲ್ಲ, ಮತ್ತೆ ಮತ್ತೆ ಮಾಡಬಹುದು. ಎಲ್ಲಕ್ಕಿಂತ ಮುಖ್ಯ, ಹೆಚ್ಚಿನವರ ಊಹೆ ಇಲ್ಲಿ ತಪ್ಪಾಗುತ್ತದೆ.

ದಾರವನ್ನು ಮೇಜಿನ ಅಂಚಿಗೆ ಗಟ್ಟಿಯಾಗಿ ಸಿಕ್ಕಿಸಿ ತುದಿಗೆ ವಾಷರ್ ಕಟ್ಟಿ. ಎತ್ತರ ಸಾಲದಿದ್ದರೆ ಕಿಟಕಿಯ ಸರಳೂ ಆಗುತ್ತದೆ. ಪ್ರಶ್ನೆ: ಹೋಗಿ ಬರಲು ಹಿಡಿಯುವ ಸಮಯ ಯಾವುದರ ಮೇಲೆ ನಿಂತಿದೆ? ಮಕ್ಕಳು ಹೇಳಿದ್ದೆಲ್ಲ ಬರೆದುಕೊಳ್ಳಿ. ಗುಂಡಿನ (ಅಂದರೆ ತುದಿಗೆ ಕಟ್ಟಿದ ವಾಷರಿನ) ತೂಕ, ದಾರದ ಉದ್ದ, ಎಷ್ಟು ದೂರ ಎಳೆದು ಬಿಡುತ್ತೇವೆ ಅನ್ನುವುದು, ದಾರದ ದಪ್ಪ, ತಳ್ಳುವ ಜೋರು. ಇದರಲ್ಲಿ ಮೊದಲ ಮೂರನ್ನು ಆರಿಸಿ. ತಳ್ಳುವುದನ್ನು ಪೂರ್ತಿ ನಿಲ್ಲಿಸಿ. ಎಳೆದು ಬಿಡುವುದಷ್ಟೇ.

ಈಗ ಪ್ರತಿ ಗುಂಪೂ ಮೂರು ಸಾಲು ತುಂಬಬೇಕು: ನಾವು ಬದಲಿಸುವುದು ಏನು, ಅಳೆಯುವುದು ಏನು, ಬದಲಾಗದಂತೆ ನೋಡಿಕೊಳ್ಳುವುದು ಏನೇನು. ತೂಕ ಬದಲಿಸುವ ಗುಂಪಿಗೆ ಉದ್ದ ಮತ್ತು ಎಳೆಯುವ ದೂರ ಎರಡೂ ಅಲುಗಬಾರದು. ಈ ಮೂರು ಸಾಲು ತುಂಬದೆ ಯಾರೂ ದಾರ ಮುಟ್ಟುವಂತಿಲ್ಲ. ಸ್ವಲ್ಪ ಕಟ್ಟುನಿಟ್ಟು ಅನ್ನಿಸುತ್ತದೆ, ಆದರೆ ಇಲ್ಲಿ ಸಡಿಲ ಬಿಟ್ಟರೆ ಮುಂದಿನ ಎರಡು ಪೀರಿಯಡ್ ಗೊಂದಲದಲ್ಲೇ ಹೋಗುತ್ತದೆ.

ಅಳತೆಯ ಕೆಲವು ಕಿವಿಮಾತು. ಒಂದು ಆಂದೋಲನ ಅಂದರೆ ಹೋಗಿ, ತಿರುಗಿ ಹೊರಟ ಜಾಗಕ್ಕೆ ಬರುವುದು. ಒಂದೇ ಆಂದೋಲನವನ್ನು ಅಳೆಯಬೇಡಿ. ಸ್ಟಾಪ್‌ವಾಚ್ ಒತ್ತುವುದರಲ್ಲೇ ಒಂದೆರಡು ದಶಾಂಶ ಸೆಕೆಂಡ್ ಆಚೀಚೆ ಆಗುತ್ತದೆ. ಹತ್ತು ಆಂದೋಲನ ಅಳೆದು ಹತ್ತರಿಂದ ಭಾಗಿಸಿದರೆ ಆ ತಪ್ಪೂ ಹತ್ತನೇ ಒಂದು ಭಾಗವಾಗುತ್ತದೆ. ಉದ್ದವನ್ನು ದಾರ ತೂಗುಬಿದ್ದ ಜಾಗದಿಂದ ಗುಂಡಿನ ನಡುಭಾಗದವರೆಗೆ ಅಳೆಯಬೇಕು. ಎಳೆಯುವ ದೂರ ಸಣ್ಣದಿರಲಿ, 15 ಡಿಗ್ರಿಯ ಆಸುಪಾಸು ಸಾಕು.

ಎಣಿಸುವಾಗ ಒಂದು ಸಾಮಾನ್ಯ ಎಡವಟ್ಟು ಇದೆ. ಬಿಟ್ಟ ಕೂಡಲೇ ಮಕ್ಕಳು "ಒಂದು" ಅನ್ನುತ್ತಾರೆ. "ಹತ್ತು" ಅನ್ನುವಾಗ ಒಂಬತ್ತೇ ಆಗಿರುತ್ತದೆ. ಬಿಡುವಾಗ "ಸೊನ್ನೆ" ಅನ್ನಬೇಕು. ಇದನ್ನು ಮೊದಲೇ ಹೇಳಬೇಕಾ, ಬಿಡಬೇಕಾ ಅನ್ನುವುದು ನಿಮ್ಮ ಇಷ್ಟ. ನಾನಾದರೆ ಒಂದು ಗುಂಪಾದರೂ ಎಡವಲಿ ಅಂತ ಬಿಡುತ್ತೇನೆ. ಯಾಕೆ ಅಂತ ಮುಂದಿನ ಹಂತದಲ್ಲಿ ಹೇಳುತ್ತೇನೆ.

ಸರಿಯಾಗಿ ಅಳೆದರೆ ಹತ್ತು ಆಂದೋಲನಕ್ಕೆ 25 ಸೆಂ.ಮೀ. ಉದ್ದದಲ್ಲಿ ಸುಮಾರು 10 ಸೆಕೆಂಡ್, 50 ಸೆಂ.ಮೀ.ನಲ್ಲಿ ಸುಮಾರು 14.2, ಒಂದು ಮೀಟರಿನಲ್ಲಿ ಸುಮಾರು 20 ಬರುತ್ತದೆ. ತೂಕ ಬದಲಿಸಿದ ಗುಂಪಿಗೆ ಏನೂ ಬದಲಾಗದು. ಆ ಗುಂಪಿನವರು ಬೇಜಾರಿನಿಂದ "ಟೀಚರ್, ನಮ್ ಪ್ರಯೋಗ ಫೇಲ್ ಆಯ್ತು" ಅನ್ನುತ್ತಾರೆ. ಫೇಲ್ ಆಗಿಲ್ಲ. ತೂಕಕ್ಕೂ ಸಮಯಕ್ಕೂ ಸಂಬಂಧ ಇಲ್ಲ ಅನ್ನುವುದೇ ಅವರಿಗೆ ಸಿಕ್ಕ ಉತ್ತರ. ಅದನ್ನು ತರಗತಿಗೆ ಅವರಿಂದಲೇ ಹೇಳಿಸಿ.

ಆದರೆ ಒಂದು ಬಲೆ ಇದೆ. ಕೆಲವು ಗುಂಪಿಗೆ ತೂಕ ಹೆಚ್ಚಿದಂತೆ ಸಮಯವೂ ಸ್ವಲ್ಪ ಹೆಚ್ಚುತ್ತದೆ. ಹೋಗಿ ನೋಡಿ. ಅವರು ವಾಷರುಗಳನ್ನು ಒಂದರ ಕೆಳಗೊಂದು ಸರಪಳಿಯಂತೆ ಕಟ್ಟಿರುತ್ತಾರೆ. ಆಗ ಗುಂಡಿನ ನಡುಭಾಗ ಕೆಳಗಿಳಿಯಿತು, ಅಂದರೆ ಉದ್ದ ಬದಲಾಯಿತು. ತೂಕ ಬದಲಿಸುತ್ತಿದ್ದೇವೆ ಅಂದುಕೊಂಡು ಎರಡನ್ನೂ ಬದಲಿಸಿದರು. ಎಲ್ಲವನ್ನೂ ಒಂದೇ ಜಾಗದಲ್ಲಿ ಒಟ್ಟಿಗೆ ಸಿಕ್ಕಿಸಿದರೆ ಸರಿಹೋಗುತ್ತದೆ. "ಒಂದೇ ಬದಲಿಸಿ" ಅಂತ ನೂರು ಸಲ ಹೇಳುವುದಕ್ಕಿಂತ ಈ ಒಂದು ಘಟನೆ ಜಾಸ್ತಿ ಕಲಿಸುತ್ತದೆ.

ಎಳೆಯುವ ದೂರ ಬದಲಿಸಿದ ಗುಂಪಿನದು ಇನ್ನೂ ರುಚಿಯಾದ ಕಥೆ. ಸಣ್ಣ ದೂರಗಳಲ್ಲಿ ವ್ಯತ್ಯಾಸ ಕಾಣುವುದಿಲ್ಲ. ತುಂಬಾ ಮೇಲಕ್ಕೆತ್ತಿ ಬಿಟ್ಟರೆ ಸಮಯ ಸ್ವಲ್ಪ ಹೆಚ್ಚುತ್ತದೆ. 60 ಡಿಗ್ರಿಯಿಂದ ಬಿಟ್ಟರೆ ಸುಮಾರು ಶೇ 7ರಷ್ಟು. ದೂರದಿಂದ ಸಮಯ ಬದಲಾಗದು ಅಂತ ಗೆಲಿಲಿಯೋ ನಂಬಿದ್ದ. ದೊಡ್ಡ ದೂರಗಳಿಗೆ ಅದು ಪೂರ್ತಿ ಸರಿಯಲ್ಲ ಅಂತ ತೋರಿಸಿದ್ದು 1656ರಲ್ಲಿ ಲೋಲಕದ ಗಡಿಯಾರ ರೂಪಿಸಿದ ಹೈಗೆನ್ಸ್. ನಿಮ್ಮ ತರಗತಿಯ ಮಕ್ಕಳು ಒಂದು ದಾರ ಹಿಡಿದು ಗೆಲಿಲಿಯೋನನ್ನು ತಿದ್ದಬಹುದು. ಅದನ್ನು ಅವರಿಗೆ ಹೇಳಲು ಮರೆಯಬೇಡಿ.

ಹಂತ 5: ಅಂಕಿಗಳ ಜೊತೆ ಕೂರುವುದು

ಪ್ರತಿ ಅಳತೆಯೂ ಮೂರು ಸಲ. ಮೂರನ್ನೂ ಬರೆಯಬೇಕು, ಆಮೇಲೆ ಸರಾಸರಿ. ಒಂದೊಂದು ಸಲ ಬೇರೆ ಬೇರೆ ಅಂಕಿ ಬಂದಾಗ ಮಕ್ಕಳು ಗಾಬರಿಯಾಗುತ್ತಾರೆ. 14.1, 14.3, 14.2 ಬಂದರೆ ಅದು ತಪ್ಪಲ್ಲ, ಅಳತೆ ಅಂದರೆ ಹಾಗೇ. ಮೂರು ಸಲವೂ 14.20 ಅಂತ ಬರೆದಿದ್ದರೆ ಮಾತ್ರ ನಿಧಾನವಾಗಿ ಪಕ್ಕದಲ್ಲಿ ಕೂತು "ಮತ್ತೊಂದು ಸಲ ಮಾಡಿ ತೋರಿಸ್ತೀರಾ?" ಅನ್ನಿ.

ಈಗ ಎಡವಿದ ಗುಂಪಿನ ಕಡೆ ಬನ್ನಿ. ಅವರ ಪಟ್ಟಿಯಲ್ಲಿ 14.1, 14.3, 12.8 ಇದೆ ಅನ್ನೋಣ. ಮೂರನೆಯದನ್ನು ಏನು ಮಾಡುವುದು? ಹೊಂದುವುದಿಲ್ಲ ಅಂತ ಹೊಡೆದುಹಾಕಬಹುದಾ? ಬೇಡ. ಅದು ಎಲ್ಲಿಂದ ಬಂತು ಅಂತ ಹುಡುಕಲಿ. ಒಂದು ಆಂದೋಲನಕ್ಕೆ 1.42 ಸೆಕೆಂಡ್. ಒಂಬತ್ತಕ್ಕೆ? 12.8! ಒಂದು ಎಣಿಕೆ ಕಡಿಮೆಯಾಗಿದೆ ಅಂತ ಅಂಕಿಯೇ ಹೇಳಿತು. ಈ ಪತ್ತೇದಾರಿ ಕೆಲಸ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ಕಾರಣ ಸಿಕ್ಕಿದ ಮೇಲೆ ಆ ಅಂಕಿಯ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದು, ಮತ್ತೊಮ್ಮೆ ಅಳೆಯಬಹುದು. ಕಾರಣ ಸಿಗದಿದ್ದರೆ ಅಂಕಿ ಅಲ್ಲೇ ಇರಲಿ, ಇನ್ನೂ ಕೆಲವು ಸಲ ಅಳೆಯಲಿ.

ಆಮೇಲೆ ಗ್ರಾಫ್. ಅಡ್ಡಕ್ಕೆ ಉದ್ದ, ಲಂಬಕ್ಕೆ ಸಮಯ. ಬಿಂದುಗಳನ್ನು ಸ್ಕೇಲಿನಿಂದ ಸೇರಿಸಲು ಹೊರಡುತ್ತಾರೆ, ತಡೆಯಿರಿ. ಬಿಂದುಗಳು ನೇರ ಸಾಲಿನಲ್ಲಿ ಇಲ್ಲ, ಬಾಗಿದ ಗೆರೆ ಬರುತ್ತದೆ. ಉದ್ದ ನಾಲ್ಕು ಪಟ್ಟು ಆದಾಗ ಸಮಯ ಎರಡೇ ಪಟ್ಟು ಆಗಿದೆ ಅನ್ನುವುದು ಪಟ್ಟಿಯಲ್ಲೂ ಕಾಣುತ್ತದೆ. ಸೂತ್ರ ಬೇಡ, ಆ ವಯಸ್ಸಿಗೆ ಈ ಸಂಬಂಧ ಗಮನಿಸಿದರೆ ಸಾಕು. ಕೊನೆಗೆ ಒಂದು ಸವಾಲು ಹಾಕಿ: 75 ಸೆಂ.ಮೀ.ಗೆ ಎಷ್ಟು ಸೆಕೆಂಡ್ ಬರುತ್ತದೆ? ಗ್ರಾಫ್ ನೋಡಿ ಬರೆದಿಟ್ಟು, ಆಮೇಲೆ ಅಳೆಯಲಿ. 17.4ರ ಹತ್ತಿರ ಬಂದಾಗ ಆಗುವ ಗದ್ದಲಕ್ಕೆ ಪಕ್ಕದ ತರಗತಿಯವರ ಕ್ಷಮೆ ಮೊದಲೇ ಕೇಳಿಟ್ಟುಕೊಳ್ಳಿ.

ಹಂತ 6: ತೀರ್ಮಾನ, ಅದರ ಅಳತೆಗೆ ತಕ್ಕಷ್ಟೇ

"ಸಾಬೀತಾಯಿತು" ಅನ್ನುವ ಮಾತನ್ನು ಕೆಲವು ದಿನ ತರಗತಿಯಿಂದ ದೂರ ಇಡಿ. ಬದಲಿಗೆ ಮೂರು ಸಾಲು ಬರೆಸಿ. ನಮ್ಮ ಊಹೆ ಏನಿತ್ತು. ಅಂಕಿಗಳು ಏನು ಹೇಳಿದವು, ಒಂದೆರಡು ಅಂಕಿ ಸಮೇತ. ಈ ಪ್ರಯೋಗದಿಂದ ಏನನ್ನು ಹೇಳಲು ಆಗುವುದಿಲ್ಲ. ಮೂರನೆಯದೇ ಕಷ್ಟದ್ದು.

ಅದಕ್ಕೆ ವಾನ್ ಹೆಲ್ಮಾಂಟ್‌ನ ಗಿಡ ಚೆನ್ನಾಗಿ ಹೊಂದುತ್ತದೆ. 17ನೇ ಶತಮಾನದ ಈ ವಿಜ್ಞಾನಿ ಒಂದು ಕುಂಡದಲ್ಲಿ ಸುಮಾರು 90 ಕಿಲೋ ಒಣ ಮಣ್ಣು ತೂಗಿ ಹಾಕಿ, ಎರಡು ಕಿಲೋಗಿಂತ ಸ್ವಲ್ಪ ಹೆಚ್ಚಿದ್ದ ವಿಲೋ ಸಸಿ ನೆಟ್ಟ. ಐದು ವರ್ಷ ನೀರು ಮಾತ್ರ ಹಾಕಿದ. ಮರ ಸುಮಾರು 76 ಕಿಲೋ ಆಯಿತು. ಮಣ್ಣು ಕಡಿಮೆಯಾದದ್ದು 60 ಗ್ರಾಮಿನಷ್ಟೂ ಇಲ್ಲ. ಮರದ ತೂಕ ಮಣ್ಣಿನಿಂದ ಬಂದದ್ದಲ್ಲ ಅಂತ ಇದರಿಂದ ಧೈರ್ಯವಾಗಿ ಹೇಳಬಹುದು. ಆತ ಒಂದು ಹೆಜ್ಜೆ ಮುಂದೆ ಹೋಗಿ, ಹಾಗಾದರೆ ಎಲ್ಲವೂ ನೀರಿನಿಂದಲೇ ಬಂತು ಅಂದ. ಇಲ್ಲಿ ನಿಲ್ಲಿಸಿ ಮಕ್ಕಳನ್ನು ಕೇಳಿ: ಆತ ಏನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ? ಸ್ವಲ್ಪ ಹೊತ್ತಿಗೆ "ಗಾಳಿ!" ಅಂತ ಯಾರಾದರೂ ಕೂಗುತ್ತಾರೆ.

ಸಮಯ ಇದ್ದರೆ ಮೇಣದಬತ್ತಿಯನ್ನೂ ತನ್ನಿ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಬತ್ತಿ, ಮೇಲೆ ಗಾಜಿನ ಲೋಟ ಮಗುಚಿದರೆ ಬತ್ತಿ ಆರಿ ನೀರು ಒಳಗೆ ಏರುತ್ತದೆ. ಬೆಂಕಿ ನಿಮ್ಮ ಕೈಯಲ್ಲೇ ಇರಲಿ. "ಆಮ್ಲಜನಕ ಖರ್ಚಾಯಿತು, ಆ ಜಾಗಕ್ಕೆ ನೀರು ಬಂತು" ಅನ್ನುವ ವಿವರಣೆ ಎಲ್ಲ ಕಡೆ ಓಡಾಡುತ್ತದೆ. ಅದು ನಿಜವಾಗಿದ್ದರೆ ಏನಾಗಬೇಕು? ಲೋಟದೊಳಗಿನ ಆಮ್ಲಜನಕ ಅಷ್ಟೇ ಇರುವುದರಿಂದ ಒಂದು ಬತ್ತಿ ಇಟ್ಟರೂ ಮೂರು ಇಟ್ಟರೂ ನೀರು ಹೆಚ್ಚುಕಡಿಮೆ ಒಂದೇ ಎತ್ತರ ಏರಬೇಕು. ಮಾಡಿ ನೋಡಿ, ಮೂರು ಬತ್ತಿಗೆ ಜಾಸ್ತಿ ಏರುತ್ತದೆ. ಅದೂ ಅಲ್ಲದೆ ನೀರು ರಭಸದಿಂದ ಏರುವುದು ಬತ್ತಿ ಆರಿದ ಮೇಲೆ. ಬಿಸಿಯಾಗಿ ಹಿಗ್ಗಿದ್ದ ಗಾಳಿ ತಣ್ಣಗಾಗಿ ಕುಗ್ಗುವುದೇ ಮುಖ್ಯ ಕಾರಣ. ಮೇಷ್ಟ್ರು ಹೇಳಿದ ವಿವರಣೆಯನ್ನೂ ಪರೀಕ್ಷೆಗೆ ಹಾಕಬಹುದು ಅಂತ ಮಕ್ಕಳು ಒಮ್ಮೆ ಕಂಡುಕೊಂಡರೆ ನಿಮಗೆ ಸ್ವಲ್ಪ ಕಷ್ಟ, ಅವರಿಗೆ ಲಾಭ.

ಹಂತ 7: ಮಕ್ಕಳದ್ದೇ ಪ್ರಯೋಗ

ಈಗ ಅವರವರ ಪ್ರಶ್ನೆ. ಇಲ್ಲಿ ಜ್ವಾಲಾಮುಖಿಯ ಮಾದರಿ ಬಂದೇ ಬರುತ್ತದೆ. ನೊರೆ ಉಕ್ಕುವುದು ನೋಡಲು ಚೆಂದ, ಆದರೆ ಅದರಲ್ಲಿ ಪ್ರಶ್ನೆ ಇಲ್ಲ. ಮಗುವಿನ ಉತ್ಸಾಹ ಕುಗ್ಗಿಸದೆ ಪ್ರಶ್ನೆ ಸೇರಿಸಿ: ವಿನೆಗರ್ ಬಿಸಿಯಾಗಿದ್ದರೆ ನೊರೆ ಬೇಗ ಬರುತ್ತದಾ? ಎಷ್ಟು ಬೇಗ ಅನ್ನುವುದನ್ನು ಹೇಗೆ ಅಳೆಯುತ್ತೀಯಾ?

ಪ್ರಶ್ನೆ ಹೊಳೆಯದ ಗುಂಪಿಗೆ ಕಾಗದದ ಹೆಲಿಕಾಪ್ಟರ್ ಕೊಡಿ. ಕಾಗದದ ಪಟ್ಟಿಯ ಮೇಲಿನ ಅರ್ಧ ಸೀಳಿ ಎರಡು ರೆಕ್ಕೆ ಮಡಚಿ, ಕೆಳಗೆ ಒಂದು ಪೇಪರ್ ಕ್ಲಿಪ್ ಸಿಕ್ಕಿಸಿದರೆ ತಿರುಗುತ್ತಾ ಇಳಿಯುತ್ತದೆ. ರೆಕ್ಕೆಯ ಉದ್ದ, ಕ್ಲಿಪ್ಪಿನ ಸಂಖ್ಯೆ, ಕಾಗದದ ದಪ್ಪ, ಯಾವುದನ್ನು ಬೇಕಾದರೂ ಬದಲಿಸಬಹುದು. ಒಂದೇ ಎತ್ತರದಿಂದ ಬಿಡಬೇಕು, ಫ್ಯಾನ್ ಆರಿಸಬೇಕು.

ಬೀಜದ ಪ್ರಯೋಗ ಆರಿಸುವವರು ಬಹಳ. "ಮೊಳಕೆಗೆ ಬೆಳಕು ಬೇಕಾ?" ಅಂತ ಒಂದು ಕುಂಡ ಕಿಟಕಿಯ ಬಳಿ, ಇನ್ನೊಂದು ಬೀರುವಿನ ಒಳಗೆ ಇಡುತ್ತಾರೆ. ಆದರೆ ಕಿಟಕಿಯ ಬಳಿ ಬೆಳಕಿನ ಜೊತೆ ಬಿಸಿಯೂ ಜಾಸ್ತಿ, ಮಣ್ಣೂ ಬೇಗ ಒಣಗುತ್ತದೆ. ಎರಡನ್ನೂ ಒಂದೇ ಜಾಗದಲ್ಲಿ, ಬಿಸಿಲು ನೇರ ಬೀಳದ ಕಡೆ ಇಟ್ಟು, ಒಂದರ ಮೇಲೆ ಗಾಳಿಯಾಡುವ ಕಪ್ಪು ಡಬ್ಬ ಮುಚ್ಚಲಿ. ಒಂದೊಂದು ಕಡೆ ಒಂದೇ ಬೀಜ ಇಟ್ಟರೆ ಸಾಲದು, ಅದು ಹುಳುಕು ಬೀಜವಾಗಿದ್ದರೆ ಕಥೆಯೇ ಬದಲು. ಹತ್ತಾದರೂ ಇರಲಿ. ಹುರುಳಿ ಜಾತಿಯ ಕಾಳುಗಳು ಕತ್ತಲಲ್ಲೂ ಮೊಳೆಯುತ್ತವೆ. ಬೆಳಕು ಬಿದ್ದರೆ ಮಾತ್ರ ಮೊಳೆಯುವ ಬೀಜಗಳೂ ಇವೆ. ಹಾಗಾಗಿ ತೀರ್ಮಾನದಲ್ಲಿ ಬೀಜದ ಹೆಸರು ಕಡ್ಡಾಯ.

ಹೋಲಿಕೆಗೆ ಇಟ್ಟ ಗುಂಪು ಯಾಕೆ ಬೇಕು ಅನ್ನುವವರಿಗೆ ಫ್ರಾನ್ಸೆಸ್ಕೊ ರೆಡಿ ಎಂಬ ಇಟಲಿಯ ವಿಜ್ಞಾನಿಯ ಪ್ರಯೋಗ ಹೇಳಿ. ಕೊಳೆತ ಮಾಂಸದಲ್ಲಿ ಹುಳ ತಾನಾಗೇ ಹುಟ್ಟುತ್ತದೆ ಅಂತ ಜನ ನಂಬಿದ್ದ ಕಾಲ. 1668ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಫ್ರಾನ್ಸೆಸ್ಕೊ ರೆಡಿ ಕೆಲವು ಜಾಡಿ ತೆರೆದಿಟ್ಟ, ಕೆಲವನ್ನು ಬಿಗಿಯಾಗಿ ಮುಚ್ಚಿದ. ತೆರೆದದ್ದರಲ್ಲಿ ಮಾತ್ರ ಹುಳ. "ಮುಚ್ಚಿದ್ದಕ್ಕೆ ಗಾಳಿ ಇರಲಿಲ್ಲ, ಅದಕ್ಕೇ" ಅಂತ ಯಾರಾದರೂ ಅನ್ನಬಹುದಲ್ಲ? ಅದಕ್ಕೆ ಗಾಳಿ ಹೋಗುವ, ನೊಣ ಹೋಗದ ತೆಳು ಬಟ್ಟೆ ಕಟ್ಟಿದ ಜಾಡಿಯನ್ನೂ ಇಟ್ಟ. ಆಗಲೂ ಮಾಂಸದಲ್ಲಿ ಹುಳ ಬರಲಿಲ್ಲ.

ಹಂತ 8: ಬೇರೆಯವರು ಮಾಡಿದರೂ ಬರಬೇಕು

ಒಂದು ಗುಂಪಿನ ಪುಸ್ತಕವನ್ನು ಇನ್ನೊಂದು ಗುಂಪಿಗೆ ಕೊಡಿ. ಬರೆದದ್ದನ್ನಷ್ಟೇ ಓದಿ ಅದೇ ಪ್ರಯೋಗ ಮಾಡಬೇಕು, ಮಾತಾಡಿ ಕೇಳುವಂತಿಲ್ಲ. "ಸ್ವಲ್ಪ ನೀರು ಹಾಕಿದೆವು" ಅನ್ನುವ ವಾಕ್ಯದ ಬೆಲೆ ಆಗ ಗೊತ್ತಾಗುತ್ತದೆ.

ಕಾಣಬೇಕು ಅಂತ ಆಸೆಪಟ್ಟದ್ದು ಕಂಡುಬಿಡುವುದೂ ಉಂಟು. 1903ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಬ್ಲಾಂಡ್ಲೋ ಎನ್-ಕಿರಣ ಎಂಬ ಹೊಸ ಕಿರಣ ಕಂಡೆ ಅಂದರು. ಕೆಲವರಿಗೆ ಅದು ಕಂಡಿತು, ಹಲವರಿಗೆ ಕಾಣಲಿಲ್ಲ. 1904ರಲ್ಲಿ ರಾಬರ್ಟ್ ವುಡ್ ಎಂಬ ಇನ್ನೊಬ್ಬ ಭೌತವಿಜ್ಞಾನಿ ಬ್ಲಾಂಡ್ಲೋ ಅವರ ಪ್ರಯೋಗಾಲಯಕ್ಕೆ ಹೋಗಿ, ಕತ್ತಲಲ್ಲಿ ಉಪಕರಣದ ಪ್ರಿಸಂ ಒಂದನ್ನು ಸದ್ದಿಲ್ಲದೆ ತೆಗೆದಿಟ್ಟರು. ಅದಿಲ್ಲದಿದ್ದರೂ ಬ್ಲಾಂಡ್ಲೋ ಅವರಿಗೆ ಕಿರಣ ಮೊದಲಿನಂತೆಯೇ "ಕಾಣುತ್ತಿತ್ತು". ಮೋಸಗಾರರಲ್ಲ, ಆಸೆಗೆ ಸಿಕ್ಕವರು. ತರಗತಿಯಲ್ಲಿ ಇದಕ್ಕೆ ಉಪಾಯ ಸುಲಭ: ಲೋಲಕಕ್ಕೆ ಎಷ್ಟು ವಾಷರ್ ಹಾಕಿದ್ದಾರೆ ಅಂತ ಗೊತ್ತಿಲ್ಲದ ಮಗುವೇ ಸಮಯ ನೋಡಲಿ.

ಎಲ್ಲ ವಿಜ್ಞಾನವೂ ಮೇಜಿನ ಮೇಲೆ ನಡೆಯುವುದಿಲ್ಲ ಅನ್ನುವುದನ್ನೂ ಒಮ್ಮೆ ಹೇಳಿ. ಧೂಮಕೇತುವನ್ನು ಹಿಡಿದು ಪ್ರಯೋಗ ಮಾಡಲು ಆಗದು. ಆದರೆ ಹಳೆಯ ದಾಖಲೆ ನೋಡಿ ಖಗೋಳವಿಜ್ಞಾನಿ ಹ್ಯಾಲಿ 1705ರಲ್ಲಿ, ಒಂದು ಧೂಮಕೇತು 1758ರ ಹೊತ್ತಿಗೆ ಮತ್ತೆ ಬರುತ್ತದೆ ಅಂತ ಬರೆದ. 1742ರಲ್ಲಿ ಆತ ತೀರಿಕೊಂಡ. 1758ರ ಡಿಸೆಂಬರಿನಲ್ಲಿ ಅದು ಕಂಡಿತು. ಪೆನ್ನಿನಲ್ಲಿ ಬರೆದ ಊಹೆ ಅಂದರೆ ಇದು.

ಅಂಕ ಕೊಡುವುದು, ಎದುರಾಗುವ ತೊಡಕು

20 ಅಂಕ ಇದ್ದರೆ ನಾನು ಹೀಗೆ ಹಂಚುತ್ತೇನೆ: ಊಹೆಗೆ ಕೊಟ್ಟ ಕಾರಣಕ್ಕೆ 4, ಯೋಜನೆಗೆ 6, ದಾಖಲೆಗೆ 5, ತೀರ್ಮಾನಕ್ಕೆ 5. ಊಹೆ ಸರಿಯಾದದ್ದಕ್ಕೆ ಸೊನ್ನೆ. ಈ ಸೊನ್ನೆಯನ್ನು ಮಕ್ಕಳಿಗೂ ಮನೆಯವರಿಗೂ ಮೊದಲ ದಿನವೇ ತಿಳಿಸಿ, ಆಮೇಲೆ ವಾದ ಬೇಡ.

ಅಂಕಿ ಕಟ್ಟಿ ಬರೆಯುವುದು ಸಿಕ್ಕಿಬಿದ್ದರೆ ಎಲ್ಲರೆದುರು ಬೈಯಬೇಡಿ. ಸಾಮಾನ್ಯವಾಗಿ ಸಮಯ ಸಾಲದೆ, ಇಲ್ಲವೇ "ಸರಿ ಉತ್ತರ" ಬೇಕು ಅನ್ನುವ ಹೆದರಿಕೆಯಿಂದ ಹಾಗೆ ಮಾಡಿರುತ್ತಾರೆ. ಮೂರರ ಬದಲು ಎರಡೇ ಉದ್ದ ಅಳೆದರೂ ಪೂರ್ತಿ ಅಂಕ ಸಿಗುತ್ತದೆ ಅಂತ ಹೇಳಿದರೆ ಅರ್ಧ ಸಮಸ್ಯೆ ಹೋಗುತ್ತದೆ. ತರಗತಿಯಲ್ಲಿ ಅರವತ್ತು ಮಕ್ಕಳಿದ್ದರೆ ಅರ್ಧ ಜನ ಪ್ರಯೋಗ ಮಾಡಲಿ, ಇನ್ನರ್ಧ ಜನ ಪಕ್ಕದಲ್ಲಿ ನಿಂತು ಏನೇನು ಬದಲಾಗಿಬಿಟ್ಟಿತು ಅಂತ ಬರೆಯಲಿ, ಮುಂದಿನ ಪೀರಿಯಡ್ ಅದಲುಬದಲು.

ಇನ್ನು ಇಂಟರ್ನೆಟ್ಟಿನಲ್ಲಿ ಉತ್ತರ ಓದಿಕೊಂಡು ಬರುವ ಮಗು. ಪ್ರಯೋಗ ಶುರುವಾಗುವ ಮೊದಲೇ "ತೂಕದಿಂದ ಬದಲಾಗಲ್ಲ" ಅಂತ ಕೂಗಿ ಉಳಿದವರ ಮಜಾ ಹಾಳು ಮಾಡುತ್ತದೆ. ಅದನ್ನೂ ಒಂದು ಊಹೆ ಅಂತ ಬೋರ್ಡಿನ ಮೇಲೆ ಬರೆದುಕೊಳ್ಳಿ, ಉಳಿದವರ ಊಹೆಗಳ ಸಾಲಿನಲ್ಲೇ. ಆಮೇಲೆ ಆ ಮಗುವನ್ನೇ ಕೇಳಿ: ನೀನು ಹೇಳಿದ್ದು ತಪ್ಪಾಗಿದ್ದರೆ ನಮಗೆ ಏನು ಕಾಣಬೇಕು? ಯಾವ ಅಂಕಿ ಬಂದರೆ ನೀನು ಮನಸ್ಸು ಬದಲಿಸುತ್ತೀಯಾ? ಅದನ್ನು ಬರೆದು, ದಾರ ಕಟ್ಟಲು ಆ ಮಗುವನ್ನೇ ಮುಂದೆ ಕಳಿಸಿ.